ಹೌಎವರ್ ಆದ ಮೇಲೆ

ಸೀಸದ ಕಡ್ಡಿಯ ಬರಹ ಎಷ್ಟು ತೆಳು, ಬೆರಳಿನಿಂದ ಉಜ್ಜಿದರೆ ಹೋಗುವಷ್ಟು, ಆದರೆ ಹೋಗಕೂಡದು ಎಂಬಂತೆ ಮ್ಯಾನೇಜರು ಅದರ ಕೆಳಗೆ ಎರಡು ಗೆರೆ ಎಳೆದಿದ್ದಾರೆ, ಬಿಕಾಸ್ — ಒಂದು ವಾಕ್ಯದ ಚುಕ್ಕಿಯನ್ನು ಹೊಡೆದುಹಾಕಿ ಆ ಚುಕ್ಕಿ ಇದ್ದಲ್ಲೇ ತುರುಕಿದ್ದಾರೆ, ಅವಳು ಕಾಗದವನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ನೋಡಿದಳು, ಓರೆ ಹಿಡಿದರೆ ಕಾಣುವುದೇ ಇಲ್ಲ, ನೇರ ಹಿಡಿದರೆ ಮತ್ತೆ ಅಲ್ಲೇ ಇದೆ. ಗಾಜಿನ ಆಚೆ ಯಂತ್ರಗಳ ಸದ್ದು, ಏಳು ಇರಬೇಕಾದ ಕಡೆ ಆರು, ಹದಿನಾಲ್ಕು ವರ್ಷ ಆ ಸದ್ದಿನೊಳಗೇ ನಿಂತವಳಿಗೆ ಎಣಿಸುವ ಅಗತ್ಯವೂ ಇಲ್ಲ, ಅಂಟಿನ ಯಂತ್ರ ನಿನ್ನೆ ಹತ್ತೂ ಇಪ್ಪತ್ತಕ್ಕೆ ನಿಂತದ್ದು ಇನ್ನೂ ನಿಂತೇ ಇದೆ, ಉರುಳೆಗಳ ಮೇಲೆ ಅಂಟು ಒಣಗಿ ಹೊಪ್ಪಳಿಕೆ ಎದ್ದಿರುತ್ತದೆ, ಯಾರಾದರೂ ಬಿಸಿನೀರು ಸುರಿದು ಕೆರೆಯಬೇಕು, ಅದನ್ನು ಯಾರಿಗೆ ಹೇಳಬೇಕೆಂದು ನಿರ್ಧರಿಸುವುದು ಸೂಪರ್‌ವೈಸರ್ ಆದ ತನ್ನದೇ ಕೆಲಸ, ಆದರೆ ಮೊದಲು ಈ ವರದಿ. ಬೆಳಿಗ್ಗೆ ಅವಳು ಇಂಗ್ಲಿಷಿನಲ್ಲಿ ಐದು ವಾಕ್ಯ ಬರೆದು ಒಳಗೆ ಕೊಟ್ಟಿದ್ದಳು. ಕೆಲಸಗಾರ್ತಿ ಅಂಟಿನ ಯಂತ್ರದ ಮುಂದೆ ಇದ್ದಳು. ರಟ್ಟು ಸಿಕ್ಕಿಕೊಂಡಿತು. ಅವಳ ಎರಡು ಬೆರಳು ಜಜ್ಜಿಹೋದವು. ಅವಳ ಕೈ ಒಳಗೆ ಹೋಗಿತ್ತು. ಜಾಲರಿ ಇರಲಿಲ್ಲ. ಐದೂ ನಿಜ, ಐದಕ್ಕೂ ಚುಕ್ಕಿ, ಒಂದರ ಮೈ ಇನ್ನೊಂದಕ್ಕೆ ತಾಗದಂತೆ ಬಿಡಿಬಿಡಿಯಾಗಿ ಇಟ್ಟಿದ್ದಳು. ಮ್ಯಾನೇಜರು ಕನ್ನಡಕ ಹಣೆಗೇರಿಸಿ ಓದಿದರು, ಇದೇನ್ರೀ ಇದು, ವರದಿನೋ ಸಾಮಾನಿನ ಪಟ್ಟಿನೋ, ಸಂಜೆ ಕ್ಲಾಸಿಗೆ ಹೋಗ್ತೀರಿ ಅಂತೀರ, ವಾಕ್ಯಕ್ಕೆ ವಾಕ್ಯ ಜೋಡಿಸೋಕೆ ಬರಲ್ವಾ, ಓದಿದ ಇನ್‌ಸ್ಪೆಕ್ಟರಿಗೆ ಯಾಕಾಯ್ತು ಅಂತ ಗೊತ್ತಾಗ್ಬೇಕಲ್ವಾ, ಕೊಡಿ ಇಲ್ಲಿ. ಹಾಗೆ ಹೇಳಿ ಮೂರನೆಯದಕ್ಕೂ ನಾಲ್ಕನೆಯದಕ್ಕೂ ನಡುವೆ ಬಿಕಾಸ್ ಹಾಕಿದರು, ಕೈ ಒಳಗೆ ಹೋಗಿತ್ತು ಎಂಬುದನ್ನು ಹೊಡೆದು ಅವಳು ಕೈಯನ್ನು ಒಳಗೆ ಹಾಕಿದಳು ಎಂದು ಮಾಡಿದರು, ಐದನೆಯ ವಾಕ್ಯದ ಮೇಲೆ ಉದ್ದಕ್ಕೆ ಒಂದು ಗೆರೆ, ಇದಕ್ಕೂ ಅದಕ್ಕೂ ಸಂಬಂಧ ಇಲ್ಲ, ನೀಟಾಗಿ ಪ್ರತಿ ಮಾಡಿ, ಮಧ್ಯಾಹ್ನ ಆಸ್ಪತ್ರೆಗೆ ಹೋಗಿ ಆಯಮ್ಮನ ಸಹಿ ಹಾಕಿಸ್ಕೊಂಡ್ ಬನ್ನಿ, ಆರು ಗಂಟೆಗೆ ನಾನು ಇಲ್ಲೇ ಇರ್ತೀನಿ.

ಆಯಮ್ಮ ಎಂದರೆ ದೊಡ್ಡಕ್ಕ. ಯಾರಿಗೂ ಅಕ್ಕನಲ್ಲ, ಎಲ್ಲರಿಗೂ ದೊಡ್ಡಕ್ಕ, ಇಪ್ಪತ್ತೆರಡು ವರ್ಷದಿಂದ ಈ ರಟ್ಟಿನ ಪೆಟ್ಟಿಗೆ ಕಾರ್ಖಾನೆಯಲ್ಲಿ ಅಂಟಿನ ಮುಂದೆ ನಿಂತವಳು, ತಾನು ಕೆಲಸಕ್ಕೆ ಸೇರಿದ ಮೊದಲ ವಾರ ರಟ್ಟಿನ ಅಂಚು ತಾಗಿ ತನ್ನ ಅಂಗೈ ಕುಯ್ದುಹೋದಾಗ ಹಿಂಗ್ ಹಿಡೀತಾರೇನೆ, ಮಗು ಎತ್ತಿಕೊಂಡಂಗೆ ಕೆಳಗಿಂದ ಹಿಡಿ ಎಂದು ತೋರಿಸಿಕೊಟ್ಟವಳು, ಮೋರ್‌ಓವರ್ ಎಂಬ ಹೆಸರನ್ನು ತನಗೆ ಅಂಟಿಸಿದವಳೂ ಅವಳೇ. ಅದಕ್ಕೆ ಕಾರಣ ಒಂದು ರಜಾ ಅರ್ಜಿ. ಸೂಪರ್‌ವೈಸರ್ ಆಗಬೇಕಾದರೆ ಇಂಗ್ಲಿಷಿನಲ್ಲಿ ಬರೆಯಲು ಬರಬೇಕು ಎಂದಿದ್ದರಿಂದ ನಲವತ್ತನೆಯ ವಯಸ್ಸಿಗೆ ಸೈಕಲ್ ರಿಪೇರಿ ಅಂಗಡಿಯ ಮೇಲಿನ ಕೋಣೆಯ ಸಂಜೆ ಕ್ಲಾಸಿಗೆ ಸೇರಿದ್ದಳು, ಅಲ್ಲಿ ಮೇಷ್ಟ್ರು ಮೊದಲ ತಿಂಗಳು ಜೋಡಿಸುವ ಪದಗಳ ಪಟ್ಟಿ ಕೊಟ್ಟಿದ್ದರು, ಅವಳು ಎದುರಿಗೆ ಸಿಕ್ಕಿದ್ದನ್ನೆಲ್ಲ ಜೋಡಿಸತೊಡಗಿದ್ದಳು, ನನಗೆ ಜ್ವರ ಇದೆ, ಮೋರ್‌ಓವರ್ ನನಗೆ ನೆಗಡಿ ಇದೆ, ಫರ್ದರ್‌ಮೋರ್ ನನ್ನ ತಲೆ. ತಲೆ ಏನಾಯ್ತು ಎಂದು ಬರೆಯಲು ಜಾಗ ಸಾಲದೆ ಅಲ್ಲಿಗೇ ಸಹಿ ಹಾಕಿದ್ದಳು. ಅದನ್ನು ಟೈಪಿಸ್ಟ್ ಎಲ್ಲರಿಗೂ ಓದಿ ಹೇಳಿದ, ಊಟದ ಕೋಣೆಯಲ್ಲಿ ನಗು ತಡೆಯಲಾರದೆ ಒಬ್ಬಳು ನೀರು ನೆತ್ತಿಗೇರಿಸಿಕೊಂಡಳು, ದೊಡ್ಡಕ್ಕ ಮಾತ್ರ ಅದರಲ್ಲಿ ತಪ್ಪೇನಿದೆ, ಒಂದರ ಮೇಲೊಂದು ಬಂದ್ರೆ ಮೋರ್‌ಓವರ್ ಅಂತಾರೆ, ನನ್ನ ಜೀವನಾನೇ ಮೋರ್‌ಓವರ್ ಎಂದಳು, ಅವತ್ತಿನಿಂದ ಇವಳು ಮೋರ್‌ಓವರ್. ಮನೆಯಲ್ಲಿ ಮಗಳು, ಹದಿಮೂರು ವರ್ಷದ ಕಟ್ಟುನಿಟ್ಟಿನ ಪಂಡಿತೆ, ಅಮ್ಮಾ, ಎರಡು ವಾಕ್ಯ ಪಕ್ಕಪಕ್ಕ ಸುಮ್ಮನೆ ಕೂತಿರೋಕೂ ಬಿಡಲ್ವಲ್ಲ ನೀನು ಎನ್ನುತ್ತಾಳೆ. ತನ್ನ ಮಾತಿನಲ್ಲಾದರೆ ಇದಕ್ಕೆಲ್ಲ ಬೇರೆ ಪದವೇ ಬೇಕಿಲ್ಲ, ಕ್ರಿಯಾಪದದ ಬಾಲಕ್ಕೆ ಒಂದಿಷ್ಟು ಅಂಟಿಸಿದರೆ ಮುಗಿಯಿತು, ಹೇಳಿ, ಹೇಳುತ್ತ, ಹೇಳಿದ್ದರಿಂದ, ಹೇಳಿದರೂ — ಹುಟ್ಟಿದಾಗಿನಿಂದ ಹಾಗೆ ಜೋಡಿಸಿಕೊಂಡೇ ಮಾತಾಡುತ್ತಿದ್ದಾಳೆ, ಜೋಡಿಸುತ್ತಿದ್ದೇನೆ ಎಂದು ಒಮ್ಮೆಯೂ ಅನ್ನಿಸಿರಲಿಲ್ಲ.

ಹೇಳಿದರೂ. ಸೋಮವಾರ ಬೆಳಿಗ್ಗೆ ದೊಡ್ಡಕ್ಕ ಹೇಳಿದ್ದಳು. ಮೋರ್‌ಓವರ್, ಉರುಳೆ ಮುಂದಿನ ಜಾಲರಿ ಅಲ್ಲಾಡ್ತಿದೆ ಕಣೆ, ಎರಡು ಬೋಲ್ಟು ಬಿದ್ದೇ ಹೋಗಿವೆ, ಬರ್ಕೋ. ಬರೆದುಕೊಂಡಳು, ತಕ್ಷಣವೇ, ಪಾಳಿಯ ಪುಸ್ತಕದಲ್ಲಿ, ನಿಂತಲ್ಲೇ ಮೊಣಕಾಲೆತ್ತಿ ಪುಸ್ತಕವನ್ನು ತೊಡೆಗೆ ಆನಿಸಿಕೊಂಡು. ಹಿಂದಿನ ಶನಿವಾರವಷ್ಟೇ ಮೇಷ್ಟ್ರು ಹೌಎವರ್ ಕಲಿಸಿದ್ದರು, ಅದರ ಹಿಂದೆ ಚುಕ್ಕಿ, ಅದರ ಮುಂದೆ ಅಲ್ಪವಿರಾಮ, ಬಟ್‌ಗಿಂತ ಗಂಭೀರ, ಕಚೇರಿಯವರು ಬಳಸುವಂಥದ್ದು, ಭಾನುವಾರವೆಲ್ಲ ಆ ಪದ ಹೊಸ ಚಪ್ಪಲಿಯ ಹಾಗೆ ಅವಳ ಜೊತೆ ಮನೆಯೊಳಗೆ ಓಡಾಡಿತ್ತು, ಎಲ್ಲಿ ಹಾಕಲಿ, ಎಲ್ಲಿ ಹಾಕಲಿ. ಗಾರ್ಡ್ ಈಸ್ ಲೂಸ್. ಹೌಎವರ್, ಪ್ರೊಡಕ್ಷನ್ ಈಸ್ ಗೋಯಿಂಗ್ ಆನ್. ಜಾಲರಿ ಸಡಿಲವಾಗಿದೆ, ಆದರೆ ಕೆಲಸ ನಡೆಯುತ್ತಿದೆ. ಬರೆದು ಒಮ್ಮೆ ಓದಿಕೊಂಡಳು, ಅಲ್ಪವಿರಾಮ ಸರಿಯಾದ ಜಾಗದಲ್ಲಿ ಬಿದ್ದಿತ್ತು, ಖುಷಿಯಾಯಿತು, ಇದನ್ನು ಮರೆಮಾಚಿ ಏನು ಉಪಯೋಗ, ಜಾಲರಿಯ ಚಿಂತೆಗಿಂತ ಆ ಅಲ್ಪವಿರಾಮದ ಖುಷಿ ದೊಡ್ಡದಿತ್ತು. ಮ್ಯಾನೇಜರು ಸಂಜೆ ಪುಟದ ಕೆಳಗೆ ಸಹಿ ಹಾಕಿದರು, ಗುಡ್ ಎಂದರು, ಯಾವುದಕ್ಕೆ ಗುಡ್ ಎಂದು ಅವಳೂ ಕೇಳಲಿಲ್ಲ. ಮಂಗಳವಾರ ಉಳಿದ ಬೋಲ್ಟುಗಳೂ ಬಿದ್ದವು, ಜಾಲರಿಯನ್ನು ಯಾರೋ ತೆಗೆದು ಗೋಡೆಗೆ ಒರಗಿಸಿದರು, ಅವಳು ಅದರ ಪಕ್ಕದಲ್ಲೇ ಮೂರು ಸಲ ಹಾದುಹೋದಳು. ಮಂಗಳವಾರ ಸಂಜೆ ಕ್ಲಾಸಿನಲ್ಲಿ ಆ ವಾಕ್ಯವನ್ನು ನೋಟ್‌ಬುಕ್ಕಿಗೆ ಬರೆದುಕೊಂಡು ಹೋಗಿ ತೋರಿಸಿದಳು, ಮೇಷ್ಟ್ರು ಕೆಂಪು ಪೆನ್ನಿನಿಂದ ಸರಿ ಗುರುತು ಹಾಕಿದರು, ಪೆನ್ನು ಮುಚ್ಚದೆಯೇ ಹೇಳಿದರು, ವ್ಯಾಕರಣ ಸರಿಯಾಗಿದೆ ಕಣಮ್ಮ, ಆದ್ರೆ ನೋಡಿ, ಹೌಎವರ್ ಆದ ಮೇಲೆ ಏನು ಬರುತ್ತೋ ಓದಿದೋನ ಮನಸ್ಸಲ್ಲಿ ಅದೇ ಉಳ್ಕೊಳ್ಳೋದು, ಇದನ್ನ ಓದಿದೋರು ಕೆಲಸ ನಡೀತಿದೆಯಲ್ಲ ಅಂತ ಪುಟ ತಿರುವಿ ಹಾಕ್ತಾರೆ, ನಿಮಗೆ ಬೇಕಿದ್ದು ಅದೇನಾ. ಅಲ್ಲ ಸಾರ್ ಎಂದಳು. ಹಾಗಾದ್ರೆ ಹಿಂದುಮುಂದು ಮಾಡಿ ಅಷ್ಟೆ, ಪದಗಳು ಅವೇ ಇರಲಿ. ಅಲ್ಲೇ ಹಿಂದುಮುಂದು ಮಾಡಿ ಬರೆದಳು, ಕೆಲಸ ನಡೆಯುತ್ತಿದೆ, ಹೌಎವರ್, ಜಾಲರಿ ಸಡಿಲವಾಗಿದೆ, ಅದಕ್ಕೂ ಒಂದು ಸರಿ ಗುರುತು ಬಿತ್ತು, ನಾಳೆ ಪಾಳಿಯ ಪುಸ್ತಕದಲ್ಲಿ ಹೀಗೇ ಬರೆಯೋಣ, ಸಡಿಲ ಎಂಬ ಕಡೆ ಇಲ್ಲವೇ ಇಲ್ಲ ಎಂದು ಹಾಕೋಣ ಎಂದುಕೊಂಡು ಮೆಟ್ಟಿಲಿಳಿದಳು, ಕೆಳಗೆ ಯಾರೋ ಸೈಕಲ್ಲಿನ ಗಾಲಿಗೆ ಗಾಳಿ ಹೊಡೆಯುತ್ತಿದ್ದರು. ಬುಧವಾರ ಹತ್ತೂ ಇಪ್ಪತ್ತಕ್ಕೆ ಪಾಳಿಯ ಪುಸ್ತಕ ತೆರೆದು ತಾರೀಖು ಬರೆಯುತ್ತಿದ್ದಳು, ತಾರೀಖಿನ ಎರಡನೆಯ ಅಂಕಿಯ ಮೇಲೆ ಪೆನ್ನು ಇದ್ದಾಗ ಏಳು ಸದ್ದಿನಲ್ಲಿ ಒಂದು ಸದ್ದು ಬದಲಾಯಿತು, ಕಿರುಚಿದ್ದಲ್ಲ, ದೊಡ್ಡಕ್ಕ ಕಿರುಚಲೇ ಇಲ್ಲ, ಉರುಳೆ ಏನನ್ನೋ ಹೊಸದನ್ನು ನುಂಗಲಾರದೆ ತಡವರಿಸಿದ ಹಾಗೆ.

ಮ್ಯಾನೇಜರು ಹೇಳಿದಂತೆಯೇ ಪ್ರತಿ ಮಾಡಿದಳು. ಯಾಕೆ ಮಾಡಿದೆ ಎಂದು ಈಗ ಆಸ್ಪತ್ರೆಯ ದಾರಿಯಲ್ಲಿ ಬಸ್ಸಿನ ಕಂಬಿ ಹಿಡಿದು ನಿಂತು ಕೇಳಿಕೊಂಡರೆ ಸಿಗುವುದು ಇಷ್ಟೇ, ಮಾಡಿ ಎಂದರು ಮಾಡಿದಳು, ಅಕ್ಷರ ದುಂಡಗೆ ಬಂದವು, ಬಿಕಾಸ್ ಶಾಯಿಯಲ್ಲಿ ಬರೆದ ಮೇಲೆ ಮೊದಲಿನಿಂದಲೂ ಅಲ್ಲೇ ಇದ್ದ ಪದದ ಹಾಗೆ ಕಂಡಿತು, ಜಾಲರಿಯ ವಾಕ್ಯ ಇಲ್ಲದ ಕಡೆ ಖಾಲಿ ಜಾಗವೂ ಉಳಿಯಲಿಲ್ಲ, ವಾಕ್ಯಗಳು ಒತ್ತರಿಸಿಕೊಂಡು ಕೂತುಬಿಟ್ಟವು. ಅದು ಸುಳ್ಳೂ ಅಲ್ಲ. ಕೈ ಹಾಕಿದ್ದು ನಿಜ, ಬೆರಳು ಹೋದದ್ದು ನಿಜ, ಎರಡು ನಿಜದ ನಡುವೆ ಒಂದು ಪದ. ಫಾರಂ ಪುಸ್ತಕವನ್ನೇ ಚೀಲಕ್ಕೆ ಹಾಕಿಕೊಂಡು ಬಂದಿದ್ದಾಳೆ, ಬಿಡಿ ಹಾಳೆ ಮುದುಡುತ್ತದೆಂದು, ಮೂರು ಪ್ರತಿ, ನಡುವೆ ನೀಲಿ ಕಾರ್ಬನ್ನು. ಹೆಂಗಸರ ವಾರ್ಡು ಎರಡನೆಯ ಮಹಡಿ, ಹಾಸಿಗೆ ಕಿಟಕಿಯ ಪಕ್ಕದ್ದು, ದೊಡ್ಡಕ್ಕನ ಬಲಗೈ ದಿಂಬಿನ ಮೇಲೆ ಪ್ರತ್ಯೇಕವಾಗಿ ಮಲಗಿತ್ತು, ಬಿಳಿ ಬಟ್ಟೆ ಸುತ್ತಿ, ಬೇರೆಯವರದೇನೋ ಎನ್ನುವ ಹಾಗೆ. ಬಂದ್ಯಾ ಮೋರ್‌ಓವರ್, ಕೂತ್ಕೋ, ಎಡಗೈಲಿ ತಿನ್ನೋದು ಕಲ್ತೆ ಕಣೆ, ಅರ್ಧ ಬಾಯಿಗೆ ಅರ್ಧ ಮಡಿಲಿಗೆ. ನೋವಿದೆಯಾ ದೊಡ್ಡಕ್ಕ. ನೋವು ಇರ್ಲಿ ಬಿಡು, ಡಾಕ್ಟ್ರು ತೆಗೆದ್ಮೇಲೂ ಇಲ್ದಿರೋ ಬೆರಳು ತುರಿಸುತ್ತೆ, ಅದಕ್ಕೇನ್ ಮಾಡೋದು ಹೇಳು. ಅವಳು ಫಾರಂ ಪುಸ್ತಕ ತೆಗೆದಳು, ಇದಕ್ಕೆ ನಿನ್ನ ಸಹಿ ಬೇಕಿತ್ತು, ಕಾರ್ಖಾನೆ ವರದಿ. ಏನ್ ಬರ್ದಿದೆ ಓದು, ಇಂಗ್ಲಿಷಲ್ಲಿ ಬೇಡ, ನಮ್ ಮಾತಲ್ಲಿ ಹೇಳು.

ಓದಿದಳು, ಬೆರಳು ಇಂಗ್ಲಿಷಿನ ಮೇಲೆ, ನಾಲಿಗೆ ತನ್ನ ಮಾತಿನಲ್ಲಿ, ಅಂಟಿನ ಯಂತ್ರದ ಮುಂದೆ ಇದ್ರು, ರಟ್ಟು ಸಿಕ್ಕಿಕೊಳ್ತು, ಆಮೇಲೆ — ಅಲ್ಲಿ ನಿಂತಳು. ಇಂಗ್ಲಿಷಿನಲ್ಲಿ ಬೆರಳು ಮೊದಲು ಬಂದಿತ್ತು, ಬಿಕಾಸ್ ಆಮೇಲೆ, ಹಿಂದಿನಿಂದ ಮೆತ್ತಗೆ ಬಂದು ಸೇರಿಕೊಂಡಂತೆ, ಇಲ್ಲಿ ಯಾಕೆಂದರೆ ಎಂದು ಹಾಗೆ ಹೇಳಿದರೆ ನಾಲಿಗೆಗೆ ಕೂರುವುದಿಲ್ಲ, ತನ್ನ ಮಾತಿನಲ್ಲಿ ಕಾರಣವೇ ಮೊದಲು ಬರಬೇಕು, ಎದುರಿಗೆ ಕೂತವಳ ಮುಖ ನೋಡಿಕೊಂಡು ಮೊದಲು ಅದನ್ನೇ ಹೇಳಬೇಕು, ಒಳಗೆ ಕೈ ಹಾಕಿದ್ದರಿಂದ — ಇಂದ ಎಂಬಲ್ಲಿಗೆ ಬಂದು ಬಾಯಿ ನಿಂತಿತು. ದೊಡ್ಡಕ್ಕನೇ ಮುಂದುವರಿಸಿದಳು, ಹೂಂ, ಹಾಕಿದ್ದು ನಾನೇ, ಆಮೇಲೆ. ಆಮೇಲೆ ಎರಡು ಬೆರಳಿಗೆ ಪೆಟ್ಟಾಯ್ತು, ಅಷ್ಟೆ. ಅಷ್ಟೇನಾ. ಪಕ್ಕದ ಹಾಸಿಗೆಯ ಮುದುಕಿ ಕೆಮ್ಮಿ ಹೊರಳಿದಳು, ನರ್ಸು ಬಂದು ಯಾರದೋ ಜ್ವರ ನೋಡಿ ಹೋದಳು, ದೊಡ್ಡಕ್ಕ ಕೂಗಾಡಲಿಲ್ಲ, ಜಾಲರಿ ವಿಷ್ಯ ಎಲ್ಲಿ, ಸೋಮವಾರ ಹೇಳಿದ್ನಲ್ಲ, ಬರ್ಕೊಂಡೆಯಲ್ಲ, ನಾನೇ ನೋಡ್ದೆ ತೊಡೆ ಮೇಲೆ ಇಟ್ಕೊಂಡು ಬರೀತಿದ್ದೆ. ಬರೆದೆ ದೊಡ್ಡಕ್ಕ, ಆದ್ರೆ ಸರಿಯಾಗಿ ಬರೀಲಿಲ್ಲ. ಸರಿಯಾಗಿ ಅಂದ್ರೆ. ಆಗ ಹೇಳಿದಳು, ಎಲ್ಲವನ್ನೂ, ಹೌಎವರ್ ಎಂದರೇನು, ಅದರ ಆಚೆ ಯಾವುದನ್ನು ಇಟ್ಟೆ ಈಚೆ ಯಾವುದನ್ನು ಇಟ್ಟೆ, ಮೇಷ್ಟ್ರು ಮಂಗಳವಾರ ಏನೆಂದರು, ಬುಧವಾರ ಬರೆಯೋಣವೆಂದು ಹೇಗೆ ಬಿಟ್ಟೆ, ಹೇಳುತ್ತಿರುವಾಗ ತನ್ನ ದನಿ ಅವಳಿಗೇ ಕೇಳಿಸುತ್ತಿತ್ತು, ಬೇರೆ ಯಾರದೋ ತಪ್ಪಿನ ವರದಿ ಒಪ್ಪಿಸುವವಳ ದನಿ, ಅಳು ಬರಲಿಲ್ಲ, ಬಂದಿದ್ದರೆ ಇಬ್ಬರಿಗೂ ಅನುಕೂಲವಾಗುತ್ತಿತ್ತೇನೋ. ಆದರೆ ಅನ್ನೋ ಒಂದು ಮಾತಿಗೆ ಅಷ್ಟೊಂದಾ, ದೊಡ್ಡಕ್ಕ ಕೇಳಿದಳು, ನಗಲಿಲ್ಲ. ಹೌದು. ನಾನು ಬಾಯಲ್ಲಿ ಹೇಳಿದ್ದು ನೆಟ್ಟಗಿತ್ತಲ್ಲೇ. ನೆಟ್ಟಗಿತ್ತು. ದೊಡ್ಡಕ್ಕ ಕಿಟಕಿಯ ಕಡೆ ಮುಖ ತಿರುಗಿಸಿದಳು, ಹೊರಗೆ ನೋಡುವಂಥದ್ದೇನೂ ಇರಲಿಲ್ಲ, ನೀರಿನ ಟ್ಯಾಂಕು, ಅದರ ಏಣಿ, ಇವಳು ಸ್ಟೂಲಿನ ಮೇಲೆ ಬೆನ್ನು ನೇರ ಮಾಡಿ ಕೂತಿದ್ದಳು, ಹೋಗು ಎಂದರೆ ಹೋಗುವುದು, ಬಯ್ದರೆ ಬಯ್ಸಿಕೊಳ್ಳುವುದು. ಹೊಸದಾಗಿ ಬರಿ, ದೊಡ್ಡಕ್ಕ ಟ್ಯಾಂಕಿಗೇ ಹೇಳಿದಳು, ಎಲ್ಲಾರ್ದೂ ಬರಿ, ನಿಂದೂ ಬರಿ, ಕೈ ಹಾಕಿದ್ದು ನಾನು, ಅದನ್ನೂ ಬಿಡ್ಬೇಡ.

ಹಾಸಿಗೆ ಪಕ್ಕದ ಕಬ್ಬಿಣದ ಕಪಾಟಿನ ಮೇಲಿದ್ದ ಲೋಟ ಸರಿಸಿ, ಹೊಸ ಹಾಳೆ ತಿರುವಿ, ಕಾರ್ಬನ್ನು ಸರಿಪಡಿಸಿ ಬರೆದಳು, ಬರೆಯುತ್ತ ಪ್ರತಿ ವಾಕ್ಯವನ್ನೂ ತನ್ನ ಮಾತಿನಲ್ಲಿ ಜೋರಾಗಿ ಹೇಳಿದಳು, ದೊಡ್ಡಕ್ಕ ಹೂಂ ಎಂದ ಮೇಲೆ ಮುಂದಿನದು. ಜಾಲರಿ ಸಡಿಲವಾಗಿದೆಯೆಂದು ಸೋಮವಾರ ಅವರು ನನಗೆ ಹೇಳಿದರು. ಹೂಂ. ನಾನು ಬರೆದೆ, ಬಟ್ ಅದು ಸಣ್ಣ ವಿಷಯವೆಂದು ತೋರುವ ಹಾಗೆ ಬರೆದೆ. ಹೂಂ. ಮ್ಯಾನೇಜರು ಅದಕ್ಕೆ ಸಹಿ ಹಾಕಿದರು. ಆಲ್ದೋ, ಕೆಲಸಗಾರ್ತಿ ಹೇಳಿದ್ದರೂ ಯಾರೂ ರಿಪೇರಿ ಮಾಡಿಸಲಿಲ್ಲ, ದೇರ್‌ಫೋರ್, ಆದ್ದರಿಂದ ಬುಧವಾರ ಜಾಲರಿ ಇರಲಿಲ್ಲ. ಅವರು ಒಳಗೆ ಕೈ ಹಾಕಿದರು, ಬಿಕಾಸ್ ರಟ್ಟು ಸಿಕ್ಕಿಕೊಂಡಿತ್ತು, ಆಂಡ್ ಬಿಕಾಸ್ ಇಂಥದ್ದಕ್ಕೆಲ್ಲ ಯಂತ್ರ ನಿಲ್ಲಿಸಬಾರದೆಂದು ನಾವೇ ಹೇಳಿದ್ದೆವು. ಅವರ ಕೈ ಉರುಳೆಗೆ ಸಿಕ್ಕಿತು ಬಿಕಾಸ್ ಜಾಲರಿ ಇರಲಿಲ್ಲ. ನಾವು ಎಂದು ಬರೆಯುವಾಗ ಪೆನ್ನು ತಡೆಯಲಿಲ್ಲ, ತಡೆಯಬಹುದು ಎಂದುಕೊಂಡಿದ್ದಳು. ಈಗ ಎಲ್ಲಾರ್ದೂ ಇದೆ ನೋಡು ಎಂದಳು ದೊಡ್ಡಕ್ಕ, ಕೊಡು. ಹೆಬ್ಬೆಟ್ಟು ಒತ್ತಿದ್ರೂ ಸಾಕಂತೆ ದೊಡ್ಡಕ್ಕ. ಇಪ್ಪತ್ತೆರಡು ವರ್ಷ ಸಹಿ ಹಾಕಿದೀನಿ ಕಣೆ, ಈಗ ಹೆಬ್ಬೆಟ್ಟಾ. ಎಡಗೈಗೆ ಪೆನ್ನು ಕೊಟ್ಟಳು, ಬೆರಳುಗಳಿಗೆ ಅದನ್ನು ಎಲ್ಲಿ ಹಿಡಿಯಬೇಕೆಂದು ಗೊತ್ತಾಗಲಿಲ್ಲ, ತುದಿ ಒಮ್ಮೆ ಜಾರಿತು, ಪುಸ್ತಕವನ್ನು ಅವಳು ಎರಡೂ ಕೈಯಲ್ಲಿ ಅದುಮಿ ಹಿಡಿದಳು, ದೊಡ್ಡಕ್ಕನ ನಾಲಿಗೆಯ ತುದಿ ಹಲ್ಲುಗಳ ನಡುವೆ ಬಂದಿತ್ತು, ಸುತ್ತು ಬರಬೇಕಾದ ಕಡೆ ಮೂಲೆ ಬಂತು, ಮೊದಲ ಅಕ್ಷರವೇ ಗೆರೆ ಬಿಟ್ಟು ಕೆಳಗಿಳಿಯಿತು, ಅದಕ್ಕೆ ತಲೆಕಟ್ಟು ಹಾಕಲು ಕೈ ಮೇಲೆತ್ತಿದಳು, ಇಳಿಸಿದಳು, ಅದು ಅಕ್ಷರದ ಮೇಲೆ ಬೀಳದೆ ಅತ್ತ ಬಿತ್ತು. ನಾಲ್ಕು ಅಕ್ಷರದ ಹೆಸರಿಗೆ ಐದು ನಿಮಿಷ. ಒಂದು ಪ್ರತಿ ಹರಿದು ದೊಡ್ಡಕ್ಕನ ದಿಂಬಿನ ಕೆಳಗೆ ಇಟ್ಟಳು. ಹೊರಡುವಾಗ ನಾಳೆ ಬರ್ತೀನಿ ಎಂದಳು, ದೊಡ್ಡಕ್ಕ ಮತ್ತೆ ಟ್ಯಾಂಕಿನ ಕಡೆ ತಿರುಗಿದಳು.

ಆರಕ್ಕೆ ಐದು ನಿಮಿಷ ಇರುವಾಗ ಮ್ಯಾನೇಜರ ಮುಂದೆ ನಿಂತಿದ್ದಳು, ಅವರು ನಿಂತುಕೊಂಡೇ ಓದಿದರು, ಆಮೇಲೆ ಕೂತು ಓದಿದರು, ಇದೇನ್ರೀ, ನಾನು ಒಂದು ಬಿಕಾಸ್ ಹಾಕಿದ್ರೆ ನೀವು ಮೂರು ಹಾಕ್ಕೊಂಡು ಬಂದಿದೀರ. ಜೋಡಿಸಿ ಅಂದಿದ್ರಲ್ಲ ಸಾರ್. ತಮಾಷೆ ಮಾಡ್ತಿದೀರಾ. ಇಲ್ಲ ಸಾರ್. ನಿಜಕ್ಕೂ ತಮಾಷೆ ಮಾಡಿರಲಿಲ್ಲ, ಬಾಯಿಗೆ ಬಂದ ಉತ್ತರ ಅದು, ಕೇಳಿದ ಮೇಲೆ ತನಗೂ ಹಾಗೆ ಕೇಳಿಸಿತು. ನಿಮ್ಮ ತಪ್ಪನ್ನೂ ನೀವೇ ಬರ್ದಿದೀರಲ್ರೀ, ಇದು ಆಫೀಸಿಗೆ ಹೋದ್ರೆ ಏನಾಗುತ್ತೆ ಗೊತ್ತಾ. ಗೊತ್ತು ಸಾರ್. ಬೇರೆ ಬರ್ಕೊಂಡು ಬನ್ನಿ. ಅವರು ಸಹಿ ಹಾಕಿದಾರೆ ಸಾರ್, ಒಂದು ಪ್ರತಿ ಅವರ ಹತ್ರಾನೇ ಇದೆ, ಪಾಳಿ ಪುಸ್ತಕದಲ್ಲಿ ಸೋಮವಾರದ ಪುಟಕ್ಕೆ ನಿಮ್ಮ ಸಹಿಯೂ ಇದೆ. ಮ್ಯಾನೇಜರು ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡರು, ಕೆಟ್ಟ ಮನುಷ್ಯರೇನಲ್ಲ, ದಣಿದ ಮನುಷ್ಯ, ಅವರ ಮೇಲೂ ಯಾರೋ ಒಬ್ಬರು ಇಂಥದ್ದೇ ಕಾಗದ ಹಿಡಿದು ನಿಲ್ಲುತ್ತಾರೆ. ಫೋನು ಎತ್ತಿ ಫಿಟ್ಟರ್‌ನನ್ನು ಕರೆದರು, ಅಂಟಿನ ಮೇಷಿನ್ನಿನ ಜಾಲರಿ ಬೆಳಿಗ್ಗೆಯೊಳಗೆ ಕೂರಿಸಿರಬೇಕು ಎಂದರು, ಇಟ್ಟರು, ಅವಳ ಕಡೆ ನೋಡದೆ ನಾಳೆಯಿಂದ ನೀವು ಆ ಮೇಷಿನ್ನಿಗೆ ಹೋಗಿ, ಪುಸ್ತಕ ಬೇರೆಯವರು ಬರೀತಾರೆ ಎಂದರು. ಆಯ್ತು ಸಾರ್. ವರದಿಯ ಮೇಲೆ ಮೊಹರು ಒತ್ತಿದರು, ಒಂದು ಸಲ ಒತ್ತಿದ್ದು ಮಸುಕಾಗಿತ್ತು, ಇನ್ನೊಮ್ಮೆ ಒತ್ತಿದರು, ಇನ್‌ಸ್ಪೆಕ್ಟರಿಗೆ ಹೋಗುವ ಲಕೋಟೆಗೆ ಹಾಕುವ ಮೊದಲು ಕೆಳಗಿನ ಮೂಲೆಗೆ ಕಣ್ಣಿಟ್ಟು ಇದೇನು ಸಹಿನಾ ಎಂದರು. ಎಡಗೈ ಸಾರ್. ಓ ಎಂದರು.

ಹೊರಗೆ ಇನ್ನೂ ಬೆಳಕಿತ್ತು, ಗೇಟಿನ ಪಕ್ಕ ರಟ್ಟಿನ ಚೂರುಗಳನ್ನು ಲಾರಿಗೆ ತುಂಬುತ್ತಿದ್ದರು, ಇವತ್ತು ಗುರುವಾರ, ಕ್ಲಾಸಿಲ್ಲ, ಶನಿವಾರ ಇದೆ, ಹೋಗಬೇಕೋ ಬೇಡವೋ, ಪುಸ್ತಕ ಬರೆಯದವಳಿಗೆ ಹೌಎವರ್ ಯಾಕೆ, ಹೋಗುವುದು, ಮೇಷ್ಟ್ರಿಗೆ ಈ ವರದಿಯನ್ನು ತೋರಿಸುವುದು, ಅವರು ಆಂಡ್ ಬಿಕಾಸ್ ಎಂಬುದಕ್ಕೆ ಕೆಂಪು ಗೆರೆ ಎಳೆದರೂ ಎಳೆದಾರು, ಮಗಳಿಗೆ ಏನು ಹೇಳುವುದು, ಅಮ್ಮ ಮತ್ತೆ ಮೇಷಿನ್ನಿಗೆ ಹೋದಳು ಅಂತ ಹೇಳುವುದು, ಯಾಕೆ ಎನ್ನುತ್ತಾಳೆ, ಯಾಕೆ ಎಂದರೆ — ದೊಡ್ಡಕ್ಕನ ಆ ಎಡಗೈ ಮೇಲಕ್ಕೆದ್ದದ್ದು, ಗಾಳಿಯಲ್ಲಿ ಒಂದಿಷ್ಟು ನಿಂತದ್ದು. ಬೆಳಿಗ್ಗೆ ಬೇಗ ಬಂದು ಉರುಳೆ ಕೆರೆಯಬೇಕು, ಬಿಸಿನೀರು ಎರಡು ಬಕೆಟ್ಟಾದರೂ ಬೇಕು, ಜಾಲರಿ ಬಂದಿದೆಯೋ ಇಲ್ಲವೋ ನೋಡಿಯೇ ಗುಂಡಿ ಒತ್ತಬೇಕು, ರಟ್ಟನ್ನು ಕೆಳಗಿನಿಂದ ಹಿಡಿಯಬೇಕು, ಕೈ ಮರೆತಿರಲಾರದು, ಕೈ — ತಲೆಕಟ್ಟಿಗೆಂದು ಮೇಲೆದ್ದು, ಇಳಿದು, ಅತ್ತ ಬಿದ್ದದ್ದು. ಬಸ್ಸು ಬಂತು, ಹತ್ತಿದಳು, ಕಂಬಿ ಹಿಡಿದಳು, ಯಾರೋ ಜಾಗ ಬಿಟ್ಟುಕೊಟ್ಟರು, ಕೂತಳು. ನಾಳೆ ಮತ್ತೆ ಆಸ್ಪತ್ರೆಗೆ ಹೋದರೆ ದೊಡ್ಡಕ್ಕ ಮಾತಾಡುತ್ತಾಳೋ ಟ್ಯಾಂಕು ನೋಡುತ್ತಾಳೋ, ಮಾತಾಡದಿದ್ದರೂ, ಮಾತಾಡದಿದ್ದರೂ ಹೋಗುವುದು, ಮತ್ತು — ಮತ್ತು ಎಂಬಲ್ಲಿಗೆ ಬಂದು ಮುಂದೆ ಏನೂ ಬರಲಿಲ್ಲ, ಕಿಟಕಿಯ ಗಾಜಿನ ಮೇಲೂ ಅದೇ ಸಹಿ, ಮುಂದಿನ ಸೀಟಿನ ಬೆನ್ನ ಮೇಲೂ ಅದೇ, ಕಾರ್ಬನ್ನಿನ ನೀಲಿಯಲ್ಲಿ, ಮೂಲೆಮೂಲೆಯಾದ ಅಕ್ಷರ, ಅದರ ಬಲಕ್ಕೆ, ಒಂದು ಅಕ್ಕಿಕಾಳು ಹಿಡಿಯುವಷ್ಟು ಖಾಲಿ ಬಿಟ್ಟು, ಯಾವುದಕ್ಕೂ ತಾಗದೆ, ತಲೆಕಟ್ಟು.